ಮಿಸಿಸಿಪ್ಪಿಯ ಸ್ವಾತಂತ್ರ್ಯ ಶಾಲೆಗಳು

1964ರ ಬೇಸಗೆಯಲ್ಲಿ, ಅಮೆರಿಕದ ದಕ್ಷಿಣದಲ್ಲಿರುವ ಮಿಸಿಸಿಪ್ಪಿ ರಾಜ್ಯದ ಹಳ್ಳಿಪಟ್ಟಣಗಳಲ್ಲಿ, ಚರ್ಚುಗಳ ನೆಲಮಾಳಿಗೆಯಲ್ಲಿಯೂ ಮನೆಗಳ ಜಗಲಿಯಲ್ಲಿಯೂ, ಅದೂ ದೊರೆಯದ ಕಡೆ ಮರದ ನೆರಳಿನಲ್ಲಿಯೂ, ನಲವತ್ತಕ್ಕೆ ಕಡಮೆಯಿಲ್ಲದಷ್ಟು ಶಾಲೆಗಳು ತೆರೆದವು. ಅವಕ್ಕೆ ಸ್ವಾತಂತ್ರ್ಯ ಶಾಲೆಗಳೆಂದು ಹೆಸರು. ಅವು ನಡೆದದ್ದು ಕೆಲವೇ ವಾರ. ಕಲಿತವರು 2,000ಕ್ಕೂ ಮಿಕ್ಕವರು. ಪೌರಹಕ್ಕುಗಳ ಚರಿತ್ರೆಯನ್ನು ಎಳೆಯರಿಗೆ ಕಲಿಸುವ ಬಗೆ ಯಾವುದೆಂಬ ಪ್ರಶ್ನೆಗೆ ಇದಕ್ಕಿಂತ ಧೀರವಾದ ಉತ್ತರವನ್ನು ನಾನು ಕಂಡಿಲ್ಲ.

ಆ ರಾಜ್ಯದಲ್ಲಿ ಬಿಳಿಯ ಮಗುವಿನ ವಿದ್ಯಾಭ್ಯಾಸಕ್ಕೆ ವರ್ಷಕ್ಕೆ ಸುಮಾರು 82 ಡಾಲರು ವೆಚ್ಚವಾಗುತ್ತಿದ್ದಾಗ ಕಪ್ಪು ಮಗುವಿನ ಪಾಲಿಗೆ ಬರುತ್ತಿದ್ದುದು ಸುಮಾರು 22 ಡಾಲರು. ನದೀಬಯಲಿನ ಅನೇಕ ಕಡೆ ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ಕಪ್ಪು ಮಕ್ಕಳ ಶಾಲೆಗೆ ಬೀಗ ಬೀಳುತ್ತಿತ್ತು. ಆದರೆ ಹಣದ ಅಭಾವಕ್ಕಿಂತಲೂ ಘೋರವಾದುದು ಮೌನ. ಹೊವಾರ್ಡ್ ವಿಶ್ವವಿದ್ಯಾನಿಲಯದ ವ್ಯಾಸಂಗವನ್ನು ಬಿಟ್ಟು, ಅಹಿಂಸಾವ್ರತದ ವಿದ್ಯಾರ್ಥಿ ಸಮನ್ವಯ ಸಮಿತಿಯ ಕಾರ್ಯಕರ್ತನಾಗಿ ಅಲ್ಲಿಗೆ ಬಂದಿದ್ದ ಚಾರ್ಲಿ ಕಾಬ್ ಎಂಬ ಇಪ್ಪತ್ತರ ತರುಣನು, ಪ್ರಶ್ನೆ ಕೇಳುವುದೇ ಅಪರಾಧವೆಂದು ಕಲಿಸುವ ಈ ವ್ಯವಸ್ಥೆಯನ್ನು ಕಣ್ಣಾರೆ ಕಂಡು, 1963ರ ಡಿಸೆಂಬರಿನಲ್ಲಿ ಸ್ವಾತಂತ್ರ್ಯ ಶಾಲೆಗಳ ಯೋಜನೆಯನ್ನು ಬರೆದು ಸಮಿತಿಯ ಮುಂದಿಟ್ಟನು. ಸ್ಪೆಲ್ಮನ್ ಕಾಲೇಜಿನ ಚರಿತ್ರಾಧ್ಯಾಪಕ ಸ್ಟಾಟನ್ ಲಿಂಡ್ ಅದರ ನಿರ್ದೇಶಕರಾದರು.

ಲಿಂಡ್ ಸಿದ್ಧಪಡಿಸಿದ ಚರಿತ್ರೆಯ ಪಾಠದಲ್ಲಿ ಆಮಿಸ್ಟಾಡ್ ಹಡಗಿನ ವೃತ್ತಾಂತಕ್ಕೆ ವಿಶೇಷ ಸ್ಥಾನವಿತ್ತು. 1839ರಲ್ಲಿ ಸರಪಣಿಯಿಂದ ಬಿಡಿಸಿಕೊಂಡು ಹಡಗನ್ನೇ ವಶಪಡಿಸಿಕೊಂಡ ಆಫ್ರಿಕದ ಬಂದಿಗಳನ್ನು 1841ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯ ಸ್ವತಂತ್ರರೆಂದು ಸಾರಿತು. ಗುಲಾಮರು ತೃಪ್ತರಾಗಿದ್ದರೆಂಬ ಕಥೆಯನ್ನೇ ಕೇಳಿ ಬೆಳೆದ ಮಗುವಿನ ಕಿವಿಗೆ ಇದು ಹೇಗೆ ಕೇಳಿಸಿರಬೇಕು! ಮಿಸಿಸಿಪ್ಪಿಯ ಶಾಸನಸಭೆಯೇ 1870ರಲ್ಲಿ ಹೈರಮ್ ರೆವೆಲ್ಸ್ ಎಂಬ ಕಪ್ಪು ಮನುಷ್ಯನನ್ನು ರಾಷ್ಟ್ರದ ಸೆನೆಟ್ಟಿಗೆ ಕಳುಹಿಸಿದ್ದಿತು; ಅದೇ ನಾಡಿನಲ್ಲಿ ಆತನ ಜನರು ಮತದಾರರ ಪಟ್ಟಿಗೆ ಹೆಸರು ಬರೆಯಿಸಲು ಹೋದರೆ ಕೆಲಸವನ್ನೂ ಕೆಲವೊಮ್ಮೆ ಪ್ರಾಣವನ್ನೂ ಕಳೆದುಕೊಳ್ಳುವಂತಾಗಿತ್ತು. ಈ ಎರಡು ಕಾಲಗಳ ನಡುವೆ ನಡೆದುದೇನು ಎಂಬುದನ್ನು ಗುರುಗಳು ಬಾಯಿಪಾಠ ಮಾಡಿಸದೆ, ನಿಮ್ಮ ಶಾಲೆ ಹೀಗೇಕಿದೆ, ಬಿಳಿಯರಲ್ಲಿರುವ ಯಾವುದು ನಮಗೆ ಬೇಕು, ಯಾವುದು ಬೇಡ, ನಮ್ಮದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಕೇಳಿ, ಮಕ್ಕಳೇ ಮಾತನಾಡುವವರೆಗೆ ಕಾದರು. ಮಕ್ಕಳು ತಾವಾಗಿಯೇ ಕೇಳಿದುದು ಫ್ರೆಂಚ್ ಭಾಷೆಯನ್ನೂ ಬೆರಳಚ್ಚನ್ನೂ. ಅವೂ ಪಾಠಕ್ರಮದಲ್ಲಿ ಸೇರಿದವು.

ಇದೆಲ್ಲ ನಡೆದದ್ದು ಭಯದ ನಡುವೆ. ಜೂನ್ 21ರಂದು ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕೆಲ್ ಶ್ವರ್ನರ್ ಎಂಬ ಮೂವರು ಕಾರ್ಯಕರ್ತರು ನೆಶೋಬಾ ಪ್ರಾಂತದಲ್ಲಿ ಕೊಲೆಯಾದರು. ಮೆಕೂಂಬ್ ಪಟ್ಟಣದಲ್ಲಿ ಕಾರ್ಯಕರ್ತರ ನಿವಾಸಕ್ಕೆ ಬಾಂಬು ಬಿದ್ದಿತು. ಹೆದರಿದ ಹಿರಿಯರು ಯಾವ ಕಟ್ಟಡವನ್ನೂ ಪಾಠಕ್ಕೆ ಬಿಟ್ಟುಕೊಡದೆ ಇದ್ದುದರಿಂದ, ಒಡೆದ ಆ ಮನೆಯ ಮುಂದಣ ಹುಲ್ಲಿನ ಮೇಲೆಯೇ ತರಗತಿಗಳು ಕೂಡಿದವು. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಹಿರಿಯರ ಈ ಅಂಜಿಕೆಯನ್ನು ಕುರಿತು ಒಂದು ಪದ್ಯ ಬರೆದಳು. ಅದನ್ನು ಕೇಳಿ ಮನಕರಗಿದ ಊರವರು ಒಂದು ಚರ್ಚಿನ ಬಾಗಿಲನ್ನು ತೆರೆದುಕೊಟ್ಟರು. ಚರಿತ್ರೆಯ ಪಾಠ ಫಲಿಸಿತೆಂಬುದಕ್ಕೆ ಯಾವ ಪರೀಕ್ಷೆಯ ಅಂಕವನ್ನೂ ನಾನು ಇದರ ಪಕ್ಕದಲ್ಲಿ ಇಡಲಾರೆ. ಅದೇ ಶಾಲೆಯ ಮಕ್ಕಳು ತಮ್ಮ ಪತ್ರಿಕೆಗೆ, 1827ರಲ್ಲಿ ಹುಟ್ಟಿದ ಕಪ್ಪುಜನರ ಮೊತ್ತಮೊದಲ ಪತ್ರಿಕೆಯ ಹೆಸರಾದ ‘ಫ್ರೀಡಮ್ಸ್ ಜರ್ನಲ್’ ಎಂಬುದನ್ನೇ ಇಟ್ಟುಕೊಂಡರು.

ಆಗಸ್ಟ್ ಮೊದಲ ವಾರ ಮೆರಿಡಿಯನ್ ನಗರದಲ್ಲಿ, ಚೇನಿಯ ಅಂತ್ಯಕ್ರಿಯೆ ನಡೆದ ದಿನಗಳಲ್ಲಿಯೇ, ಎಲ್ಲ ಶಾಲೆಗಳ ಪ್ರತಿನಿಧಿಗಳಾದ ವಿದ್ಯಾರ್ಥಿಗಳು ಸಮ್ಮೇಳನ ಸೇರಿ, ಮತದಾನ, ವಸತಿ, ವಿದ್ಯಾಭ್ಯಾಸಗಳನ್ನು ಕುರಿತು ನಿರ್ಣಯಗಳನ್ನು ಅಂಗೀಕರಿಸಿದರು. ಶರತ್ಕಾಲದಲ್ಲಿ ಸರಕಾರೀ ಶಾಲೆಗಳು ತೆರೆದಾಗ ಅದೇ ನೆಶೋಬಾದ ಫಿಲಡೆಲ್ಫಿಯಾ ಊರಿನ ಹುಡುಗರು ‘ಒಬ್ಬರಿಗೆ ಒಂದು ಮತ’ ಎಂಬ ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಂಡು ಬಂದು ಶಾಲೆಯಿಂದ ಹೊರಹಾಕಿಸಿಕೊಂಡರು. ಅವರ ತಾಯಂದಿರು ನ್ಯಾಯಾಲಯಕ್ಕೆ ಹೋದರು. 1966ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಮೂರು ವರ್ಷಗಳ ಮೇಲೆ, ಟಿಂಕರ್ ಮೊಕದ್ದಮೆಯಲ್ಲಿ ಅಮೆರಿಕದ ವಿದ್ಯಾರ್ಥಿಗಳೆಲ್ಲರ ವಾಕ್‌ಸ್ವಾತಂತ್ರ್ಯವನ್ನು ಎತ್ತಿಹಿಡಿದ ಪರಮೋಚ್ಚ ನ್ಯಾಯಾಲಯ ಆಧಾರವಾಗಿ ಹಿಡಿದುದು ಈ ತೀರ್ಪನ್ನೇ.

ಪಠ್ಯಪುಸ್ತಕ ಮಾತ್ರ ಅಷ್ಟು ಸುಲಭವಾಗಿ ಬದಲಾಗಲಿಲ್ಲ. 1974ರಲ್ಲಿ ಜೇಮ್ಸ್ ಲೋವೆನ್ ಮತ್ತು ಚಾರ್ಲ್ಸ್ ಸ್ಯಾಲಿಸ್ ಎಂಬ ವಿದ್ವಾಂಸರು ಸಂಪಾದಿಸಿದ ರಾಜ್ಯದ ಹೊಸ ಚರಿತ್ರೆಯನ್ನು ಪಠ್ಯಪುಸ್ತಕ ಸಮಿತಿ ತಿರಸ್ಕರಿಸಿತು. ಗುಂಪು ಕೂಡಿ ಒಬ್ಬ ಕಪ್ಪು ಮನುಷ್ಯನನ್ನು ಕೊಂದ ಚಿತ್ರ ಅದರಲ್ಲಿದ್ದುದು ಸಮಿತಿಯ ಸದಸ್ಯರೊಬ್ಬರಿಗೆ ಸಹನವಾಗಿರಲಿಲ್ಲ. ಗ್ರಂಥಕರ್ತರು ನ್ಯಾಯಾಲಯಕ್ಕೆ ಹೋದಾಗ, ಅಂಥದು ನಡೆದುದು ನಿಜವಲ್ಲವೇ ಎಂದು ನ್ಯಾಯಾಧೀಶರೇ ಆ ಸದಸ್ಯರನ್ನು ಕೇಳಬೇಕಾಯಿತು. 1980ರಲ್ಲಿ ತೀರ್ಪು ಗ್ರಂಥಕರ್ತರ ಪರವಾಯಿತು. ಪೌರಹಕ್ಕುಗಳ ಶಿಕ್ಷಣವನ್ನು ಶಾಲೆಗಳಲ್ಲಿ ನೆಲೆಗೊಳಿಸಲು ರಾಜ್ಯದ ಶಾಸನಸಭೆ ಕಾನೂನು ಮಾಡಿದುದು 2006ರಲ್ಲಿ. ಮೆಕೂಂಬಿನ ಹುಲ್ಲಿನ ಮೇಲೆ ಕುಳಿತು ಕಲಿತ ಹದಿಹರೆಯದವರು ಆ ವೇಳೆಗೆ ಐವತ್ತನ್ನು ದಾಟಿದ್ದರು.