ಲಾಭ, ಎರಡು, ಮೂರು... ಐವತ್ತು

ಪೆಂತೆಕೋಸ್ತ್ ಅನ್ನೋದು ಒಂದು ಸಂಖ್ಯೆ. ಗ್ರೀಕ್ ಭಾಷೆಯಲ್ಲಿ ‘ಐವತ್ತನೆಯದು’ ಅಂತ ಅರ್ಥ, ಅಷ್ಟೇ. ಹಳೇ ಕನ್ನಡ ಬೈಬಲ್ ಇದನ್ನ ಸಂಸ್ಕೃತಕ್ಕೆ ತಿರುಗಿಸಿ ‘ಪಂಚಾಶತ್ತಮ ದಿನದ ಹಬ್ಬ’ ಅಂತ ಕರೆಯಿತು. ಲೆಕ್ಕಕ್ಕೆ ಸರಿಯಾದ ಅನುವಾದ. ಆದ್ರೆ ಹೊಸ ತಿಪ್ಪಸಂದ್ರದಲ್ಲಿ ನಾನಿರೋ ಬೀದಿಯ ಯಾರಿಗಾದ್ರೂ ಪಂಚಾಶತ್ತಮ ಅಂದ್ರೆ ಮುಖ ಮುಖ ನೋಡ್ತಾರೆ. ಪೆಂಟೆಕೋಸ್ಟ್ ಅಂದ್ರೆ ಮಾತ್ರ ಎಲ್ಲರಿಗೂ ಗೊತ್ತು: ಭಾನುವಾರ ಬೆಳಗ್ಗೆ ಕ್ರಾಸ್‌ನಲ್ಲಿ ಮೊದಲನೇ ಮಹಡಿಯ ಹಾಲ್‌ನಿಂದ ಕೀಬೋರ್ಡ್, ಡ್ರಮ್ಸು, ಚಪ್ಪಾಳೆ ಕೇಳಿಸುತ್ತಲ್ಲ, ಅವರು.

ಐವತ್ತು ಅಂದ್ರೆ ಯಾವುದರಿಂದ ಐವತ್ತು? ಯಾರು ಎಣಿಸಿದ್ದು? ಅಲ್ಲಿಂದ ಹಿಡಿದು ಹಿಂದಕ್ಕೆ ಹೋದರೆ ಸಿಗೋದು ಚರ್ಚ್ ಅಲ್ಲ, ಕಣ. ಗುಂಡು ಹೊಡೆಯೋ, ತೂರೋ, ರಾಶಿ ಮಾಡೋ ಕಣ.

ನಮ್ಮ ಮಧುಗಿರಿ ಕಡೆ ರಾಶಿ ಅಳೆಯುವಾಗ ‘ಒಂದು’ ಅನ್ನಲ್ಲ. ಮೊದಲ ಸೇರಿಗೆ ‘ಲಾಭ’ ಅಂತಾರೆ. ಲಾಭ, ಎರಡು, ಮೂರು, ಹೀಗೆ. ಅಳೆಯೋ ಹೊತ್ತಲ್ಲಿ ಮಧ್ಯೆ ಮಾತಾಡಿದ್ರೆ ಅಜ್ಜ ಬೈಯೋರು. ಇದು ಎಣಿಕೆಯೂ ಹೌದು, ಪೂಜೆಯೂ ಹೌದು. ಯೆಹೂದ್ಯರ ಹಬ್ಬವೂ ಇಂಥದ್ದೇ ಒಂದು ಎಣಿಕೆಯಿಂದ ಹುಟ್ಟಿದ್ದು. ಬೈಬಲ್ಲಿನ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಲೆಕ್ಕ ಬಿಡಿಸಿ ಹೇಳಿದೆ. ಪಸ್ಕ ಹಬ್ಬದ ಹೊತ್ತಿಗೆ ಇಸ್ರೇಲಿನ ಹೊಲಗಳಲ್ಲಿ ಜವೆಗೋಧಿ ಕೊಯ್ಲಿಗೆ ಬರುತ್ತೆ. ಮೊದಲ ಸಿವುಡನ್ನ ತಂದು ಯಾಜಕನ ಕೈಗೆ ಕೊಡಬೇಕು, ಅವನು ಅದನ್ನ ದೇವರ ಮುಂದೆ ಎತ್ತಿ ಆಡಿಸ್ತಾನೆ. ಆವತ್ತಿಂದ ಏಳು ವಾರ ಎಣಿಸಬೇಕು. ಐವತ್ತನೇ ದಿನಕ್ಕೆ ಗೋಧಿ ಬಂದಿರುತ್ತೆ. ಹೊಸ ಗೋಧಿ ಹಿಟ್ಟಿನಲ್ಲಿ ಎರಡು ರೊಟ್ಟಿ ಮಾಡಿ ಅರ್ಪಿಸಬೇಕು. ಹೀಬ್ರೂ ಹೆಸರು ಶಾವುಓತ್, ಅಂದ್ರೆ ವಾರಗಳು. ಕೊಯ್ಲಿನ ಹಬ್ಬ, ಪ್ರಥಮ ಫಲದ ದಿನ ಅನ್ನೋ ಹೆಸರುಗಳೂ ಉಂಟು.

ಆ ಎರಡು ರೊಟ್ಟಿಯಲ್ಲಿ ಒಂದು ಸ್ವಾರಸ್ಯ ಇದೆ. ಪಸ್ಕದಲ್ಲಿ ಹುಳಿ ಹಾಕದ ರೊಟ್ಟಿ. ಈಜಿಪ್ಟಿನ ಜೀತದಿಂದ ಓಡಿ ಬಂದ ರಾತ್ರಿ ಹಿಟ್ಟು ಹುಳಿ ಬರೋವರೆಗೆ ಕಾಯೋಕೆ ಪುರುಸೊತ್ತಿರಲಿಲ್ಲ. ಐವತ್ತು ದಿನ ಆದಮೇಲೆ ಅರ್ಪಿಸೋ ರೊಟ್ಟಿಗೆ ಹುಳಿ ಹಾಕಲೇಬೇಕು. ಓಡುತ್ತಿದ್ದವರ ಊಟ ಮೊದಲನೆಯದು, ನೆಲ ಸಿಕ್ಕಿ ಕೂತವರ ಊಟ ಎರಡನೆಯದು ಅಂತ ನಾನು ಓದಿಕೊಳ್ತೀನಿ.

ಹಬ್ಬದ ವಿಧಿ ಮುಗಿದ ಕೂಡಲೇ, ಅದೇ ಅಧ್ಯಾಯದ 22ನೇ ವಚನದಲ್ಲಿ, ಪೂಜೆಗೆ ಸಂಬಂಧವೇ ಇಲ್ಲದಂತೆ ಕಾಣೋ ಇನ್ನೊಂದು ಕಟ್ಟಳೆ ಬರುತ್ತೆ. ಕೊಯ್ಲು ಮಾಡುವಾಗ ಹೊಲದ ಅಂಚಿನವರೆಗೂ ಕೊಯ್ಯಬಾರದು, ಬಿದ್ದ ತೆನೆ ಆರಿಸಬಾರದು, ಅದು ಬಡವರಿಗೆ ಮತ್ತು ಪರದೇಶದವರಿಗೆ. ಇದಕ್ಕೆ ನಮ್ಮಲ್ಲಿ ಒಂದೇ ಮಾತಿದೆ: ಹಕ್ಕಲು. ಕಡಲೆಕಾಯಿ ಕಿತ್ತ ಹೊಲಕ್ಕೆ ಹಕ್ಕಲು ಆಯೋಕೆ ಬರೋರನ್ನ ಓಡಿಸೋ ಗೌಡನಿಗೆ ಊರಲ್ಲಿ ಒಳ್ಳೇ ಹೆಸರಿರಲಿಲ್ಲ.

ಯೆಹೂದ್ಯರು ಈ ಹಬ್ಬದಲ್ಲಿ ಓದೋದು ಹಕ್ಕಲು ಆಯ್ದ ಹೆಂಗಸಿನ ಕಥೆಯನ್ನೇ, ರೂತಳದ್ದು. ಅವಳು ಮೋವಾಬ್ ದೇಶದವಳು, ಗಂಡ ಸತ್ತವಳು, ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದವಳು. ಮೋವಾಬಿನವರನ್ನ ಹತ್ತನೇ ತಲೆಮಾರಾದರೂ ಸಭೆಗೆ ಸೇರಿಸಬೇಡಿ ಅಂತ ಧರ್ಮೋಪದೇಶಕಾಂಡದಲ್ಲಿದೆ. ಅಂಥವಳು ಬೋವಜ ಅನ್ನೋನ ಹೊಲದಲ್ಲಿ ಜವೆ ಕೊಯ್ಲಿಂದ ಗೋಧಿ ಕೊಯ್ಲಿನವರೆಗೆ, ಸುಮಾರು ಇದೇ ಏಳು ವಾರ ಅನ್ನಿ, ತೆನೆ ಆಯ್ದು ಬದುಕ್ತಾಳೆ. ಕೊನೆಗೆ ಅವನನ್ನೇ ಮದುವೆ ಆಗಿ ದಾವೀದ ರಾಜನ ಮುತ್ತಜ್ಜಿ ಆಗ್ತಾಳೆ. ಮತ್ತಾಯನ ಸುವಾರ್ತೆಯ ಮೊದಲ ಪುಟದಲ್ಲಿ ಯೇಸುವಿನ ವಂಶಾವಳಿಯಲ್ಲೂ ಅವಳ ಹೆಸರಿದೆ. ಎರಡೂ ಧರ್ಮದವರು ನಮ್ಮವಳು ಅನ್ನೋ ಈ ಹೆಂಗಸು ಹೊರಗಿನಿಂದ ಬಂದವಳು.

ಕಣದ ಹಬ್ಬ ಕಣದಲ್ಲೇ ಉಳೀಲಿಲ್ಲ. ಈಜಿಪ್ಟ್ ಬಿಟ್ಟ ಮೂರನೇ ತಿಂಗಳಲ್ಲಿ ಮೋಶೆಯ ಜನ ಸೀನಾಯಿ ಬೆಟ್ಟದ ಬುಡಕ್ಕೆ ಬಂದರು ಅಂತ ವಿಮೋಚನಕಾಂಡ ಹೇಳುತ್ತೆ. ಗುಡುಗು, ಬೆಂಕಿ, ಹೊಗೆ, ನಡುಗೋ ಬೆಟ್ಟ, ಆಮೇಲೆ ಹತ್ತು ಆಜ್ಞೆಗಳು. ವಾರಗಳ ಹಬ್ಬವೂ ಮೂರನೇ ತಿಂಗಳಲ್ಲೇ. ಎರಡೂ ಸೇರಿಕೊಂಡವು. ಕ್ರಿಸ್ತಪೂರ್ವ ಎರಡನೇ ಶತಮಾನದ ‘ಜೂಬಿಲಿಗಳ ಪುಸ್ತಕ’ ಆಗಲೇ ಈ ಹಬ್ಬವನ್ನ ದೇವರ ಒಡಂಬಡಿಕೆಯ ಹಬ್ಬ ಮಾಡಿತ್ತು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಸುಟ್ಟ ಮೇಲೆ ಸಿವುಡು ಕೊಡೋಕೆ ಯಾಜಕನಿಲ್ಲ, ರೊಟ್ಟಿ ಇಡೋಕೆ ಗುಡಿ ಇಲ್ಲ, ಎಷ್ಟೋ ಜನಕ್ಕೆ ಹೊಲವೂ ಇಲ್ಲ. ಉಳಿದದ್ದು ಪುಸ್ತಕ. ಹಾಗಾಗಿ ಶಾವುಓತ್ ತೋರಾ ಸಿಕ್ಕಿದ ದಿನ ಆಯ್ತು. ಈಗಲೂ ಆ ರಾತ್ರಿ ನಮ್ಮ ಶಿವರಾತ್ರಿ ಥರ ಜಾಗರಣೆ ಮಾಡಿ ಓದ್ತಾರೆ, ಹಾಲು ಚೀಸಿನ ತಿಂಡಿ ತಿಂತಾರೆ. ಪಸ್ಕದಿಂದ ಪ್ರತಿ ರಾತ್ರಿ ಇಂದು ಎಷ್ಟನೇ ದಿನ ಅಂತ ಬಾಯಿಬಿಟ್ಟು ಹೇಳಿ ಎಣಿಸೋದು ಮಾತ್ರ ನಿಂತಿಲ್ಲ. ಹೊಲ ಹೋಯ್ತು, ಎಣಿಕೆ ಉಳೀತು.

(ಬೆಂಗಳೂರಲ್ಲಿ ಇದನ್ನ ಎಣಿಸಿದವರೂ ಇದ್ದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೂಟಿನ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಬಾಗ್ದಾದಿ ಯೆಹೂದ್ಯರು. ಮೈಸೂರು ಅರಸರು ಕೊಟ್ಟ ಜಾಗದಲ್ಲಿ ಆ ಸಮುದಾಯದ ಪುಟ್ಟ ಸ್ಮಶಾನ ಇದೆ. ಸಿನಗಾಗ್ ಇಲ್ಲ.)

ಇನ್ನು ಕ್ರೈಸ್ತರ ಕಡೆ ಬರೋಣ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು, ಎರಡನೇ ಅಧ್ಯಾಯ. ಯೇಸು ಸತ್ತದ್ದು ಪಸ್ಕದ ಹೊತ್ತಲ್ಲಿ. ಐವತ್ತು ದಿನ ಆದ ಮೇಲೆ ಶಿಷ್ಯರು ಯೆರೂಸಲೇಮಿನ ಒಂದು ಮನೇಲಿ ಸೇರಿದ್ದಾಗ ಬಿರುಗಾಳಿಯಂಥ ಶಬ್ದ, ತಲೆಗಳ ಮೇಲೆ ಬೆಂಕಿಯ ನಾಲಿಗೆಗಳು. ಸೀನಾಯಿಯ ಬೆಂಕಿ ನೆನಪಿದೆಯಲ್ಲ? ಬರೆದವನಿಗೂ ನೆನಪಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಪವಿತ್ರಾತ್ಮ ತುಂಬಿ ಅವರು ಬೇರೆ ಬೇರೆ ಭಾಷೆಯಲ್ಲಿ ಮಾತಾಡ್ತಾರೆ. ಹೊರಗೆ ಸೇರಿದ ಜನ ಗಲಿಲಾಯದ ಈ ಹಳ್ಳಿಯವರ ಬಾಯಲ್ಲಿ ತಮ್ಮ ತಮ್ಮ ಊರಿನ ಮಾತು ಕೇಳಿ ದಂಗಾಗ್ತಾರೆ. ಪಾರ್ಥ್ಯರು, ಮೇದ್ಯರು, ಮೆಸೊಪೊತಾಮ್ಯದವರು, ಈಜಿಪ್ಟಿನವರು, ರೋಮಿನವರು, ಕ್ರೇತದವರು, ಅರಬರು, ಹೀಗೆ ಪಟ್ಟಿ ಉದ್ದ ಇದೆ. ಕೆಲವರು ಇವರೆಲ್ಲ ಕುಡಿದಿದ್ದಾರೆ ಅಂತ ಗೇಲಿ ಮಾಡ್ತಾರೆ. ಪೇತ್ರ ಎದ್ದು, ಇನ್ನೂ ಬೆಳಗ್ಗೆ ಒಂಬತ್ತು ಗಂಟೆ ಕಣ್ರಪ್ಪ ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾನೆ. ನನಗೆ ಬೈಬಲ್ಲಿನಲ್ಲಿ ಇಷ್ಟವಾದ ಉತ್ತರಗಳಲ್ಲಿ ಇದೂ ಒಂದು. ಆವತ್ತು ಸುಮಾರು 3,000 ಜನ ದೀಕ್ಷಾಸ್ನಾನ ಪಡೆದರು ಅಂತ ಲೆಕ್ಕ. ಸೀನಾಯಿಯಲ್ಲಿ ಚಿನ್ನದ ಕರು ಪೂಜಿಸಿದ್ದಕ್ಕೆ ಸತ್ತವರೂ ಸುಮಾರು 3,000. ಉಪದೇಶ ಮಾಡೋರು ಈ ಎರಡು ಸಂಖ್ಯೆಯನ್ನ ಜೋಡಿಸದೆ ಬಿಡಲ್ಲ.

ಇದನ್ನ ಚರ್ಚಿನ ಹುಟ್ಟುಹಬ್ಬ ಅಂತ ಕರೆಯೋ ವಾಡಿಕೆ ಇದೆ. ಅದು ಅವರ ನಂಬಿಕೆ, ಸರಿ. ಆದ್ರೆ ಆ ಹೆಸರಲ್ಲಿ ಒಂದು ವಿಷಯ ಮರೆಯಾಗುತ್ತೆ. ಮನೆಯೊಳಗಿದ್ದವರೂ ಯೆಹೂದ್ಯರು. ಹೊರಗೆ ನಿಂತು ಕೇಳಿದವರೂ ಯೆಹೂದ್ಯರು ಮತ್ತು ಆ ಧರ್ಮಕ್ಕೆ ಸೇರಿದವರು. ಅಷ್ಟು ದೇಶದ ಜನ ಒಂದೇ ಊರಲ್ಲಿ ಇದ್ದದ್ದಕ್ಕೂ ಕಾರಣ ಇದೆ. ವರ್ಷದಲ್ಲಿ ಮೂರು ಹಬ್ಬಕ್ಕೆ ಯಾತ್ರೆ ಬರಬೇಕು ಅಂತ ವಿಧಿ, ಅದರಲ್ಲಿ ಇದೂ ಒಂದು. ಜಾತ್ರೆ ಇದ್ದದ್ದಕ್ಕೆ ಜನ ಇದ್ದರು. ಮುಂದಿನ ಶತಮಾನಗಳಲ್ಲಿ ಯೂರೋಪಿನ ಚರ್ಚುಗಳು ಯೆಹೂದ್ಯರನ್ನ ಕ್ರಿಸ್ತನನ್ನ ಕೊಂದವರು ಅಂತ ದೂರಿ ಊರಾಚೆ ಇಟ್ಟವು. ಕ್ಯಾಥೊಲಿಕ್ ಚರ್ಚ್ ಆ ಆಪಾದನೆಯನ್ನ ಅಧಿಕೃತವಾಗಿ ಕೈಬಿಟ್ಟದ್ದು 1965ರಲ್ಲಿ, ಎರಡನೇ ವ್ಯಾಟಿಕನ್ ಸಭೆಯಲ್ಲಿ. ಹಬ್ಬ ಕೊಟ್ಟವರಿಗೆ ಅಷ್ಟು ಕಾಯಬೇಕಾಯ್ತು.

ದಿನಾಂಕವೂ ಬೇರೆ ಆಯ್ತು. 325ರ ನಿಕೇಯಾ ಸಭೆಯಲ್ಲಿ ಈಸ್ಟರ್ ದಿನಕ್ಕೆ ಯೆಹೂದ್ಯರ ಪಂಚಾಂಗ ಕಾಯೋದು ಬೇಡ ಅಂತ ನಿಂತರು. ಯೆಹೂದ್ಯರಿಗೂ ನಮ್ಮ ಹಾಗೇ ಚಾಂದ್ರಮಾಸ, ಜೊತೆಗೆ ಅಧಿಕ ಮಾಸ. 19 ವರ್ಷಕ್ಕೆ ಏಳು ಸಲ ಬರುತ್ತೆ. 2024ರಲ್ಲಿ ಅವರಿಗೆ ಅಧಿಕ ಮಾಸ ಬಿತ್ತು. ಈಸ್ಟರ್ ಮಾರ್ಚ್ 31ಕ್ಕೆ ಆಗಿಹೋಯ್ತು, ಪಸ್ಕ ಶುರುವಾದದ್ದು ಏಪ್ರಿಲ್ 22ರ ಸಂಜೆ. ಪೆಂತೆಕೋಸ್ತ್ ಮೇ 19, ಶಾವುಓತ್ ಜೂನ್ 11ರ ಸಂಜೆಯಿಂದ. ಮಾರ್ಚ್ 31ರಿಂದ ಮೇ 19ಕ್ಕೆ 49 ದಿನ ತಾನೇ ಅಂತ ನನ್ನಂಥ ಕೋಡ್ ಬರೆಯೋರು ಕೂಡಲೇ ಕೇಳ್ತಾರೆ. ಈಸ್ಟರ್ ಭಾನುವಾರವನ್ನೇ ‘ಲಾಭ’ ಅಂತ ಹಿಡಿಯಿರಿ, ಐವತ್ತು ಸರಿಹೋಗುತ್ತೆ.

ನಮ್ಮ ಕಡೆಯ ಮೆಟ್ರೋ ಹಳದಿ, ನೇರಳೆ ಅಂತ ಬಣ್ಣದ ಹೆಸರಿಟ್ಟುಕೊಂಡು ಓಡಿದರೂ, ಇಂದಿರಾನಗರದಿಂದ ಎಂ.ಜಿ. ರೋಡಿಗೆ ಹೋಗುವಾಗ ಸಿಗೋ ಟ್ರಿನಿಟಿ ನಿಲ್ದಾಣಕ್ಕೆ ಹೆಸರು ಬಂದದ್ದು ದಂಡಿನ ಕಾಲದ ಟ್ರಿನಿಟಿ ಚರ್ಚಿನಿಂದ. ಪೆಂತೆಕೋಸ್ತ್ ಆದ ಮುಂದಿನ ಭಾನುವಾರ ಟ್ರಿನಿಟಿ ಭಾನುವಾರ. ರಿಚರ್ಡ್ಸ್ ಟೌನ್ ಬಳಿ ಡೇವಿಸ್ ರೋಡಿನಲ್ಲಿ ಪವಿತ್ರಾತ್ಮನ ಹೆಸರಿನ ಚರ್ಚೇ ಇದೆ.

ಭಾಷೆಯ ವಿಷಯಕ್ಕೆ ಬಂದ್ರೆ ಬೆಂಗಳೂರಿಗೆ ಈ ಕಥೆ ಚುಚ್ಚುತ್ತೆ. 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲೇ ಬರೆದು ಉಪದೇಶ ಮಾಡಿದರು. ಆದ್ರೆ ಪೂಜೆಯ ಭಾಷೆ ಲ್ಯಾಟಿನ್. ಅದು ಮುನ್ನೂರು ವರ್ಷ ಹಾಗೇ ನಡೀತು. ಜನರ ಮಾತಲ್ಲಿ ಪೂಜೆ ಮಾಡಬಹುದು ಅಂತ ವ್ಯಾಟಿಕನ್ ಸಭೆ ಒಪ್ಪಿದ್ದು 1963ರ ಡಿಸೆಂಬರ್‌ನಲ್ಲಿ. ಆಗ ಇಲ್ಲಿ ಹುಟ್ಟಿದ ಪ್ರಶ್ನೆ: ಯಾವ ಜನರ ಮಾತು? ದಂಡಿನ ಕಡೆಯ ಚರ್ಚುಗಳಲ್ಲಿ ತಮಿಳರು ಹೆಚ್ಚು, ಇಂಗ್ಲಿಷಿನವರು ಜೋರು, ಕನ್ನಡ ಕ್ರೈಸ್ತರು ತಮ್ಮದೇ ನೆಲದಲ್ಲಿ ಒಂದು ಕನ್ನಡ ಪೂಜೆಗೆ ಮನವಿ, ಧರಣಿ ಅಂತ ದಶಕಗಟ್ಟಲೆ ಓಡಾಡಬೇಕಾಯ್ತು. ತಮಿಳು ಪೂಜೆಗೆ ಬಂದವರೂ ಎಲ್ಲಿಂದಲೋ ಮೊನ್ನೆ ಬಂದವರಲ್ಲ, ನಾಲ್ಕೈದು ತಲೆಮಾರಿನವರು. ಬಾಬೆಲ್ ಗೋಪುರದಲ್ಲಿ ದೇವರು ಭಾಷೆ ಕಲಸಿ ಜನರನ್ನ ಚದುರಿಸಿದ, ಪೆಂತೆಕೋಸ್ತಿನಲ್ಲಿ ಮತ್ತೆ ಕೂಡಿಸಿದ ಅಂತ ಹೇಳೋದು ರೂಢಿ. ಕಥೆ ಸರಿಯಾಗಿ ಓದಿದ್ರೆ ಅಲ್ಲಿ ಎಲ್ಲರಿಗೂ ಒಂದೇ ಭಾಷೆ ಬರಲಿಲ್ಲ. ಎಲ್ಲರ ಭಾಷೆಯೂ ಇದ್ದ ಹಾಗೇ ಇತ್ತು. ಮಾತಾಡಿದವರು ಕೇಳೋರ ಭಾಷೆಗೆ ಬಂದರು. ಕನ್ನಡ ಪೂಜೆ ಕೇಳಿದವರ ಬೇಡಿಕೆಯಲ್ಲಿ ಇದಕ್ಕಿಂತ ಜಾಸ್ತಿ ಏನೂ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಬೀದಿಯ ಮಹಡಿ ಹಾಲ್‌ಗಳ ಪೆಂಟೆಕೋಸ್ಟ್‌ನವರ ಚರಿತ್ರೆ ಬರೆಯೋರು ಸಾಮಾನ್ಯವಾಗಿ 1906ರಿಂದ ಶುರು ಮಾಡ್ತಾರೆ. ಅಮೆರಿಕದ ಲಾಸ್ ಏಂಜಲೀಸ್‌ನ ಅಜೂಸಾ ಬೀದಿ, ವಿಲಿಯಂ ಸೀಮೋರ್ ಅನ್ನೋ ಕಪ್ಪು ಬೋಧಕರು, ಆವೇಶದಲ್ಲಿ ಗೊತ್ತಿಲ್ಲದ ಭಾಷೆ ಮಾತಾಡಿದ ಜನ. ಆದ್ರೆ ಅದಕ್ಕೂ ಒಂದು ವರ್ಷ ಮೊದಲು, 1905ರಲ್ಲಿ, ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಮಿಷನ್ನಿನಲ್ಲಿ ಇಂಥದ್ದೇ ಉಜ್ಜೀವನ ಶುರುವಾಗಿತ್ತು. ಅಲ್ಲಿದ್ದವರು ವಿಧವೆಯರು, ಕ್ಷಾಮದಲ್ಲಿ ಅನಾಥರಾದ ಹೆಣ್ಮಕ್ಕಳು. ಅಲ್ಲಿಯ ಮಿನ್ನೀ ಅಬ್ರಾಮ್ಸ್ ಬರೆದ ಪುಸ್ತಕ ಓದಿದ ಮೇಲೇ ದಕ್ಷಿಣ ಅಮೆರಿಕದ ಚಿಲಿಯಲ್ಲಿ ಪೆಂಟೆಕೋಸ್ಟ್ ಪಂಥ ಹೊತ್ತಿಕೊಂಡದ್ದು.

ಮುಕ್ತಿ ಮಿಷನ್ ಕಟ್ಟಿದವರು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕಾರ್ಕಳ ಕಡೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಹೆಣ್ಣಿಗೆ ಸಂಸ್ಕೃತ ಕಲಿಸಿದರು ಅಂತ ತಂದೆ ಊರವರ ನಿಷ್ಠುರ ಕಟ್ಟಿಕೊಂಡವರು. ಊರೂರು ಅಲೆದು ಪುರಾಣ ಓದಿ ಬದುಕಿದ ಆ ಕುಟುಂಬದಲ್ಲಿ ಅಪ್ಪ, ಅಮ್ಮ ಇಬ್ಬರೂ 1870ರ ದಶಕದ ಕ್ಷಾಮದಲ್ಲಿ ಹಸಿವಿಗೆ ತೀರಿಕೊಂಡರು. ಹಕ್ಕಲಿಗೂ ಗತಿಯಿಲ್ಲದ ಹಸಿವು ಅದು. ರಮಾಬಾಯಿ ದೊಡ್ಡವರಾದ ಮೇಲೆ ಹೀಬ್ರೂ, ಗ್ರೀಕ್ ಎರಡನ್ನೂ ಕಲಿತು, ಯಾಜಕಕಾಂಡದ ಐವತ್ತನೇ ದಿನದಿಂದ ಹಿಡಿದು ಪೇತ್ರನ ಒಂಬತ್ತು ಗಂಟೆಯವರೆಗೆ ಇಡೀ ಬೈಬಲ್ಲನ್ನ ಹಳ್ಳಿಯ ಹೆಂಗಸರಿಗೂ ಅರ್ಥವಾಗೋ ಮರಾಠಿಗೆ ತರೋಕೆ ಕೂತರು. ತೀರಿಕೊಂಡದ್ದು 1922ರ ಏಪ್ರಿಲ್‌ನಲ್ಲಿ. ಪುಸ್ತಕ ಹೊರಬಂದದ್ದು ಎರಡು ವರ್ಷ ಆದಮೇಲೆ, ಮುಕ್ತಿಯ ಸ್ವಂತ ಅಚ್ಚುಕೂಟದಿಂದ. ಮೊಳೆ ಜೋಡಿಸಿದವರು ಅಲ್ಲಿಯ ಹೆಣ್ಮಕ್ಕಳೇ.