ಜಾನ್ ಬ್ಯಾಕ್ಸ್‌ಟರ್ ಟೇಲರ್: ರದ್ದಾದ ಓಟ, ಉಳಿದ ಚಿನ್ನ

ಒಲಿಂಪಿಕ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್ ಕ್ರೀಡಾಪಟು ಜಾನ್ ಬ್ಯಾಕ್ಸ್‌ಟರ್ ಟೇಲರ್. 1908ರ ಲಂಡನ್ ಕೂಟದಲ್ಲಿ ಅವರಿಗೆ ಈ ಗೌರವ ಸಂದಿತು. ಬರ್ಲಿನ್‌ನಲ್ಲಿ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನ ಗೆದ್ದು ಜಗದ್ವಿಖ್ಯಾತರಾದದ್ದು ಇದಾದ 28 ವರ್ಷಗಳ ಬಳಿಕ. ಕಾಲು ಮೈಲಿ ಓಟದಲ್ಲಿ ತಮ್ಮ ಕಾಲದ ಅಗ್ರಗಣ್ಯರಲ್ಲಿ ಒಬ್ಬರಾಗಿದ್ದ ಟೇಲರ್ ಅವರಿಗೆ ಒಲಿಂಪಿಕ್‌ನ ವೈಯಕ್ತಿಕ ಓಟದಲ್ಲಿ ತಮ್ಮ ಶಕ್ತಿಯನ್ನು ಕೊನೆಯವರೆಗೆ ತೋರಿಸುವ ಅವಕಾಶ ಮಾತ್ರ ದೊರೆಯಲಿಲ್ಲ. ಎರಡನೆಯ ಅವಕಾಶಕ್ಕೆ ಆಯುಷ್ಯವೂ ಉಳಿಯಲಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಟೇಲರ್ 1882ರ ನವೆಂಬರ್ 3ರಂದು ವಾಷಿಂಗ್ಟನ್ ನಗರದಲ್ಲಿ ಜನಿಸಿದರು. ತಂದೆ ತಾಯಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರು. ಕುಟುಂಬವು ಮುಂದೆ ಫಿಲಡೆಲ್ಫಿಯಾದಲ್ಲಿ ನೆಲೆಸಿತು. ಅಲ್ಲಿನ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದುವಾಗಲೇ ಅವರು ಓಟದಲ್ಲಿ ಹೆಸರು ಮಾಡಿದರು. ಅವರಿಗೆ 13 ವರ್ಷವಿದ್ದಾಗ, ಅಂದರೆ 1896ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಬಿಳಿಯರಿಗೂ ಕರಿಯರಿಗೂ ಪ್ರತ್ಯೇಕ ವ್ಯವಸ್ಥೆ ಇರುವುದು ಸಂವಿಧಾನಬದ್ಧವೆಂದು ತೀರ್ಪಿತ್ತಿತ್ತು. ಕರಿಯ ತರುಣನೊಬ್ಬ ವಿಶ್ವವಿದ್ಯಾಲಯದ ಮೆಟ್ಟಿಲೇರುವುದೇ ಅಪರೂಪವಾಗಿದ್ದ ಕಾಲವದು.

ಟೇಲರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿದರು. ಮೊದಲು ಅಲ್ಲಿನ ವಾರ್ಟನ್ ವಾಣಿಜ್ಯ ಶಾಲೆಯಲ್ಲಿ ಓದಿ, ಬಳಿಕ ಪಶುವೈದ್ಯಕೀಯವನ್ನು ಆರಿಸಿಕೊಂಡು 1908ರಲ್ಲಿ ಪದವಿ ಪಡೆದರು. ಲಂಡನ್ನಿಗೆ ಹೊರಟಾಗ ಅವರು ಓಟಗಾರರಷ್ಟೇ ಅಲ್ಲ, ಪಶುವೈದ್ಯರೂ ಆಗಿದ್ದರು.

ಓಟದ ಸಾಧನೆ

440 ಗಜಗಳ ಓಟ, ಎಂದರೆ ಕಾಲು ಮೈಲಿ, ಟೇಲರ್ ಅವರ ವಿಶೇಷ ಸ್ಪರ್ಧೆ. ಇದು 400 ಮೀಟರ್‌ಗಿಂತ ಸುಮಾರು ಎರಡೂಕಾಲು ಮೀಟರ್ ಹೆಚ್ಚು. ಅಮೆರಿಕದ ಅಂತರ ಕಾಲೇಜು ಚಾಂಪಿಯನ್‌ಷಿಪ್‌ನಲ್ಲಿ ಅವರು 1904, 1907 ಮತ್ತು 1908ರಲ್ಲಿ ಈ ಓಟವನ್ನು ಗೆದ್ದರು. 1907ರಲ್ಲಿ ಅವರು ತೆಗೆದುಕೊಂಡ ಸಮಯ 48.8 ಸೆಕೆಂಡು. ಅದೇ ವರ್ಷ ರಾಷ್ಟ್ರೀಯ ಹವ್ಯಾಸಿ ಚಾಂಪಿಯನ್‌ಷಿಪ್ ಕೂಡ ಅವರ ಪಾಲಾಯಿತು. ವಿಶ್ವವಿದ್ಯಾಲಯದ ಹೊರಗೆ ಅವರು ನ್ಯೂಯಾರ್ಕಿನ ಐರಿಷ್ ಅಮೆರಿಕನ್ ಅಥ್ಲೆಟಿಕ್ ಕ್ಲಬ್ಬಿನ ಪರವಾಗಿ ಓಡುತ್ತಿದ್ದರು.

ಲಂಡನ್ನಿನ ವಿವಾದ

1908ರ ಜುಲೈ 23ರಂದು ನಡೆದ 400 ಮೀಟರ್ ಅಂತಿಮ ಓಟದಲ್ಲಿ ಕಣಕ್ಕಿಳಿದವರು ನಾಲ್ವರು. ಅಮೆರಿಕದಿಂದ ಜಾನ್ ಕಾರ್ಪೆಂಟರ್, ವಿಲಿಯಂ ರಾಬಿನ್ಸ್ ಮತ್ತು ಟೇಲರ್. ಬ್ರಿಟನ್ನಿನಿಂದ ಸೇನಾಧಿಕಾರಿ ವಿಂಡ್‌ಹ್ಯಾಮ್ ಹಾಲ್ಸ್‌ವೆಲ್. ಓಟಗಾರರಿಗೆ ಪ್ರತ್ಯೇಕ ಪಥಗಳಿರಲಿಲ್ಲ. ಕೊನೆಯ ನೇರ ಹಾದಿಯಲ್ಲಿ ಹೊರಬದಿಯಿಂದ ಮುನ್ನುಗ್ಗಲೆತ್ನಿಸಿದ ಹಾಲ್ಸ್‌ವೆಲ್ ಅವರಿಗೆ ಕಾರ್ಪೆಂಟರ್ ಅಡ್ಡ ಬಂದರೆಂದು ಬ್ರಿಟಿಷ್ ಅಂಪೈರುಗಳು ಕೂಗೆಬ್ಬಿಸಿದರು. ಗುರಿಯ ದಾರವನ್ನು ತುಂಡರಿಸಲಾಯಿತು. ಹಿಂದಿನಿಂದ ಬರುತ್ತಿದ್ದ ಟೇಲರ್ ಅವರನ್ನು ಅಧಿಕಾರಿಗಳು ಗುರಿ ತಲುಪುವ ಮೊದಲೇ ಟ್ರ್ಯಾಕ್‌ನಿಂದ ಹೊರಕ್ಕೆಳೆದರು.

ವಿವಾದದ ಮೂಲ ನಿಯಮಗಳಲ್ಲಿತ್ತು. ಎದುರಾಳಿಗೆ ಅಡ್ಡ ಬರುವುದನ್ನು ಅಮೆರಿಕದ ಕೂಟಗಳಲ್ಲಿ ಬಹುಮಟ್ಟಿಗೆ ಸಹಿಸಲಾಗುತ್ತಿತ್ತು. ಬ್ರಿಟಿಷ್ ನಿಯಮದಂತೆ ಅದು ಅಪರಾಧ. ಲಂಡನ್ ಕೂಟ ನಡೆದದ್ದು ಬ್ರಿಟಿಷ್ ನಿಯಮಗಳಂತೆ, ಬ್ರಿಟಿಷ್ ಅಧಿಕಾರಿಗಳ ಉಸ್ತುವಾರಿಯಲ್ಲಿ. ಓಟ ರದ್ದಾಯಿತು, ಕಾರ್ಪೆಂಟರ್ ಅನರ್ಹಗೊಂಡರು. ಉಳಿದ ಮೂವರಿಗೆ ಜುಲೈ 25ರಂದು ಮರು ಓಟ ನಿಗದಿಯಾಯಿತು. ಟೇಲರ್ ಮೇಲೆ ಯಾವ ಆರೋಪವೂ ಇರಲಿಲ್ಲ. ಆದರೂ ಸಹ ಓಟಗಾರನಿಗೆ ಅನ್ಯಾಯವಾಗಿದೆ ಎಂಬ ಅಮೆರಿಕನ್ ತಂಡದ ನಿಲುವಿಗೆ ಅನುಗುಣವಾಗಿ ಅವರೂ ರಾಬಿನ್ಸ್ ಅವರೂ ಮರು ಓಟದಿಂದ ಹೊರಗುಳಿದರು. ಹಾಲ್ಸ್‌ವೆಲ್ ಒಬ್ಬರೇ ಓಡಿ ಚಿನ್ನ ಪಡೆದರು. ಒಲಿಂಪಿಕ್ ಇತಿಹಾಸದಲ್ಲಿ ಎದುರಾಳಿಯೇ ಇಲ್ಲದೆ ಓಡಿ ಚಿನ್ನ ಗೆದ್ದ ನಿದರ್ಶನ ಇದೊಂದೇ.

ರಿಲೇ ಚಿನ್ನ

ಅದೇ ಜುಲೈ 25ರಂದು ಮೆಡ್ಲೆ ರಿಲೇ ಓಟದ ಅಂತಿಮ ಸ್ಪರ್ಧೆಯಿತ್ತು. ಇಬ್ಬರು ತಲಾ 200 ಮೀಟರ್, ಮೂರನೆಯವರು 400 ಮೀಟರ್, ಕೊನೆಯವರು 800 ಮೀಟರ್ ಓಡಬೇಕಾಗಿದ್ದ ಸ್ಪರ್ಧೆ ಅದು. ವಿಲಿಯಂ ಹ್ಯಾಮಿಲ್ಟನ್, ನಥಾನಿಯಲ್ ಕಾರ್ಟ್‌ಮೆಲ್, ಟೇಲರ್ ಮತ್ತು ಮೆಲ್ ಶೆಪರ್ಡ್ ಅವರಿದ್ದ ಅಮೆರಿಕ ತಂಡ 3 ನಿಮಿಷ 29.4 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಜರ್ಮನಿ ಮತ್ತು ಹಂಗೆರಿಯನ್ನು ಹಿಂದಿಕ್ಕಿತು. ಟೇಲರ್ ತಮ್ಮ ಪಾಲಿನ 400 ಮೀಟರ್ ದೂರವನ್ನು 49.8 ಸೆಕೆಂಡುಗಳಲ್ಲಿ ಕ್ರಮಿಸಿದರು.

ಜಾರ್ಜ್ ಪೋಜ್ 1904ರ ಸೇಂಟ್ ಲೂಯಿ ಕೂಟದ ಹರ್ಡಲ್ಸ್‌ನಲ್ಲಿ ಕಂಚು ಗೆದ್ದು ಆಫ್ರಿಕನ್ ಅಮೆರಿಕನ್ನರ ಪದಕದ ಖಾತೆ ತೆರೆದಿದ್ದರು. ಚಿನ್ನ ಬಂದದ್ದು ಟೇಲರ್ ಅವರಿಂದ. ಆ ಸಮುದಾಯಕ್ಕೆ ಮೊದಲ ವೈಯಕ್ತಿಕ ಚಿನ್ನ ಒದಗಲು 1924ರ ಪ್ಯಾರಿಸ್ ಕೂಟದವರೆಗೆ ಕಾಯಬೇಕಾಯಿತು. ಅಲ್ಲಿ ಡಿಹಾರ್ಟ್ ಹಬರ್ಡ್ ಉದ್ದ ಜಿಗಿತದಲ್ಲಿ ಗೆದ್ದರು.

ಅಕಾಲ ಮರಣ

ತವರಿಗೆ ಮರಳಿದ ಟೇಲರ್ ಬಹುಕಾಲ ಬದುಕಲಿಲ್ಲ. ವಿಷಮಶೀತ ಜ್ವರಕ್ಕೆ ತುತ್ತಾಗಿ 1908ರ ಡಿಸೆಂಬರ್ 2ರಂದು, ಚಿನ್ನ ಗೆದ್ದ ನಾಲ್ಕೇ ತಿಂಗಳ ಆಸುಪಾಸಿನಲ್ಲಿ, ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 26. ಲಂಡನ್ ಕೂಟದಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದಿದ್ದ ಹ್ಯಾರಿ ಪೋರ್ಟರ್ ಅವರು ತಂಡದ ಪರವಾಗಿ ಟೇಲರ್ ಅವರ ತಂದೆತಾಯಿಗೆ ಪತ್ರ ಬರೆದರು. ಓಟಗಾರನಿಗಿಂತ ಮಿಗಿಲಾಗಿ ಮನುಷ್ಯನಾಗಿ ಟೇಲರ್ ಎಲ್ಲರ ಮನಸ್ಸಿನಲ್ಲಿ ಉಳಿದರೆಂಬುದು ಆ ಪತ್ರದ ಸಾರ. ಪೆನ್ಸಿಲ್ವೇನಿಯಾದ ಈಡನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಅವರೊಂದಿಗೆ ಓಡಿದ ಹಾಲ್ಸ್‌ವೆಲ್ ಕೂಡ ದೀರ್ಘಾಯುಷಿಯಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರಾನ್ಸಿನ ರಣರಂಗದಲ್ಲಿ ಮಡಿದರು.

ಲಂಡನ್ನಿನ ಕಹಿ ಪ್ರಕರಣವು ಎಲ್ಲ ದೇಶಗಳಿಗೂ ಒಂದೇ ನಿಯಮಾವಳಿ ಬೇಕೆಂಬ ವಾದಕ್ಕೆ ಬಲ ನೀಡಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟ 1912ರಲ್ಲಿ ಸ್ಥಾಪನೆಯಾಯಿತು. ಟೇಲರ್ ಚಿನ್ನ ಗೆದ್ದ ಮೆಡ್ಲೆ ರಿಲೇಯ ಸ್ಥಾನವನ್ನು ಅದೇ ವರ್ಷದ ಸ್ಟಾಕ್‌ಹೋಮ್ ಕೂಟದಲ್ಲಿ 4x100 ಮತ್ತು 4x400 ಮೀಟರ್ ರಿಲೇಗಳು ತುಂಬಿದವು. ಇಂದು 400 ಮೀಟರ್ ಓಟಗಾರರು ಆರಂಭದಿಂದ ಅಂತ್ಯದವರೆಗೆ ತಂತಮ್ಮ ಪಥದಲ್ಲೇ ಓಡುತ್ತಾರೆ.