ಹಿತ್ತಲಿನ ಹಲಗೆಗಳು: ಅಮೆರಿಕದ ಡೆಕ್ ನಡೆದುಬಂದ ದಾರಿ

ಮನೆಯ ಹಿಂಬದಿ ಗೋಡೆಗೆ ತಾಗಿಸಿ, ಕಂಬಗಳ ಮೇಲೆ ನಿಲ್ಲಿಸಿದ, ಸೂರಿಲ್ಲದ ಹಲಗೆಯ ಅಟ್ಟಣಿಗೆಗೆ ಅಮೆರಿಕದಲ್ಲಿ ಡೆಕ್ ಎನ್ನುತ್ತಾರೆ. ಬೇಸಿಗೆಯ ಸಂಜೆ ಗ್ರಿಲ್ ಹೊತ್ತಿಸುವುದು, ಮಕ್ಕಳ ಹುಟ್ಟುಹಬ್ಬ, ನೆಂಟರ ಹರಟೆ ಎಲ್ಲವೂ ಅದರ ಮೇಲೆಯೇ. ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಮನೆ ಕೊಂಡ ಕನ್ನಡಿಗರಿಗೂ ಇಂದಲ್ಲ ನಾಳೆ ಒಂದು ಪ್ರಶ್ನೆ ಎದುರಾಗುತ್ತದೆ: ಹಲಗೆ ಮರದ್ದಿರಬೇಕೋ, ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಕಾಂಪೊಸಿಟ್ ಇರಬೇಕೋ? ಎರಡರ ಬೆಲೆಗಳ ನಡುವೆ ಸಾಕಷ್ಟು ಅಂತರವಿದೆ. ಆ ಅಂತರ ಹುಟ್ಟಿದ್ದು ಹೇಗೆ ಎಂದು ನೋಡಲು ಮುಕ್ಕಾಲು ಶತಮಾನ ಹಿಂದಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಮನೆ ಬೀದಿಗೆ ಮುಖಮಾಡಿತ್ತು. ಮುಂದೆ ಸೂರು ಇಳಿಸಿದ ಜಗಲಿ, ಅದರಲ್ಲಿ ತೂಗುಕುರ್ಚಿ, ಹೋಗಿಬರುವವರ ಜೊತೆ ಮಾತು. ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಮನೆಗಳಲ್ಲಿ ಈ ಜಗಲಿ ಉಳಿಯಲಿಲ್ಲ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ 1947ರಲ್ಲಿ ಶುರುವಾದ ಲೆವಿಟೌನ್ ಬಡಾವಣೆಯಲ್ಲಿ ನಾಲ್ಕೈದು ವರ್ಷಗಳಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಯಾವುದಕ್ಕೂ ಹಳೆಯ ಕಾಲದ ಜಗಲಿ ಇರಲಿಲ್ಲ. 1949ರ ಮಾದರಿಯಲ್ಲಂತೂ ಅಡುಗೆಮನೆಯನ್ನು ಮುಂದಕ್ಕೆ ತಂದು, ನಡುಮನೆಯನ್ನು ಹಿಂದಕ್ಕೆ ಸರಿಸಿ, ಹಿತ್ತಲು ಕಾಣುವಂತೆ ದೊಡ್ಡ ಗಾಜಿನ ಕಿಟಕಿ ಇಟ್ಟರು. ಬೀದಿಯಲ್ಲಿ ಕಾರುಗಳ ಓಡಾಟ ಹೆಚ್ಚಿತ್ತು. ಒಳಗೆ ಟೀವಿ ಬಂತು, ಸ್ವಲ್ಪ ತಡವಾಗಿ ಏರ್ ಕಂಡಿಷನರ್ ಬಂತು. ಮನೆಯವರ ವಿರಾಮವೆಲ್ಲ ಹಿತ್ತಲಿಗೆ ಹೋಯಿತು, ಆದರೆ ಅಲ್ಲಿ ಕೂರಲು ಹುಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ.

ಹಲಗೆ ಹಾಸಿದ ಬಯಲು ಅಮೆರಿಕಕ್ಕೆ ಹೊಸದೇನಲ್ಲ. ಹೋಟೆಲು ಮತ್ತು ರೈಲುಡಬ್ಬಿಗಳ ಒಳಗೆ ಸಮುದ್ರದಂಡೆಯ ಮರಳು ಬರದಿರಲಿ ಎಂದು ಅಟ್ಲಾಂಟಿಕ್ ಸಿಟಿಯಲ್ಲಿ 1870ರಲ್ಲೇ ಹಲಗೆಯ ಹಾದಿ ಹಾಕಿದ್ದರು. ಅದನ್ನು ಮನೆಯ ತೋಟಕ್ಕೆ ತಂದು ಅಂದಗೊಳಿಸಿದವರಲ್ಲಿ ಮೊದಲ ಹೆಸರು ಕ್ಯಾಲಿಫೋರ್ನಿಯಾದ ತೋಟ ವಿನ್ಯಾಸಕಾರ ಥಾಮಸ್ ಚರ್ಚ್ ಅವರದು. ಸೊನೋಮಾದಲ್ಲಿ 1948ರಲ್ಲಿ ಅವರು ರೂಪಿಸಿದ ಡಾನೆಲ್ ತೋಟದಲ್ಲಿ ಬಳುಕಿದ ಅಂಚಿನ ಈಜುಕೊಳದ ಪಕ್ಕ ರೆಡ್‌ವುಡ್ ಹಲಗೆಯ ಡೆಕ್ ಇದೆ. ಅಲ್ಲಿದ್ದ ಓಕ್ ಮರಗಳನ್ನು ಕಡಿಯದೆ, ಹಲಗೆಯಲ್ಲೇ ಕಂಡಿ ಬಿಟ್ಟು ಕಾಂಡಗಳನ್ನು ಮೇಲಕ್ಕೆ ಬಿಡಲಾಗಿದೆ. ಇಳಿಜಾರಿನ ಜಾಗದಲ್ಲಿ ಮಣ್ಣು ಕಡಿದು ಗೋಡೆ ಕಟ್ಟುವುದಕ್ಕಿಂತ ಕಂಬ ನಿಲ್ಲಿಸಿ ಹಲಗೆ ಹಾಸುವುದು ಸಲೀಸು. ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಡೆಕ್ ಬೇಗ ಹರಡಿದ್ದಕ್ಕೆ ಅಂದಕ್ಕಿಂತ ಈ ಲೆಕ್ಕವೇ ದೊಡ್ಡ ಕಾರಣ ಎನ್ನಬಹುದು.

ರೆಡ್‌ವುಡ್ ಮತ್ತು ಸೀಡರ್ ಮರಗಳ ತಿರುಳಿನಲ್ಲಿ ಹುಳು, ಬೂಷ್ಟುಗಳನ್ನು ತಡೆಯುವ ಗುಣ ಸಹಜವಾಗಿಯೇ ಇದೆ. ತೊಡಕಿದ್ದದ್ದು ಪೂರೈಕೆಯಲ್ಲಿ. ನೂರಾರು ವರ್ಷ ಬೆಳೆದ ರೆಡ್‌ವುಡ್‌ನಲ್ಲಿ ತಿರುಳು ಹೆಚ್ಚು; ಎಳೆಯ ಮರದಲ್ಲಿ ಬೆಳ್ಳಗಿನ ಹೊರಭಾಗವೇ ಜಾಸ್ತಿ, ಅದು ಬಾಳುವುದಿಲ್ಲ. ಹಳೆಯ ಕಾಡು ಕರಗುತ್ತ ಬಂತು. 1968ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಆಯಿತು, 1978ರಲ್ಲಿ ಅದನ್ನು ವಿಸ್ತರಿಸಿದರು. ಬೆಲೆ ಏರಿತು. ದೇಶದ ಪೂರ್ವಭಾಗಕ್ಕೆ ಆ ಮರವನ್ನು ಸಾಗಿಸುವ ಖರ್ಚು ಬೇರೆ. ದಕ್ಷಿಣದ ರಾಜ್ಯಗಳಲ್ಲಿ ಪೈನ್ ಹೇರಳವಾಗಿ, ಅಗ್ಗವಾಗಿ ಸಿಗುತ್ತಿತ್ತು, ಆದರೆ ಮಳೆಗೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತಿತ್ತು.

ಆ ಪೈನ್ ಅನ್ನು ಬಾಳುವಂತೆ ಮಾಡಿದ ಮದ್ದು ಭಾರತದ್ದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಸೊಂಟಿ ಕಾಮೇಶನ್ 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳ ಒಂದು ಮಿಶ್ರಣ ಕಂಡುಹಿಡಿದರು. ಆರ್ಸೆನಿಕ್‌ನ ‘ಆಸ್’ ಮತ್ತು ತಾಮ್ರದ ‘ಕ್ಯು’ ಎಂಬ ರಾಸಾಯನಿಕ ಸಂಕೇತಗಳನ್ನು ಕೂಡಿಸಿ ಅದಕ್ಕೆ ‘ಆಸ್ಕು’ ಎಂದು ಹೆಸರಾಯಿತು. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು. ಮಳೆನೀರಿಗೆ ಇವೆರಡೂ ತೊಳೆದುಹೋಗುವುದೇ ಹಿಂದಿನ ಮದ್ದುಗಳ ದೋಷವಾಗಿತ್ತು. ಕ್ರೋಮಿಯಂ ಅವನ್ನು ಮರದ ನಾರಿಗೆ ಕಚ್ಚಿಸುತ್ತದೆ. ಕಾಮೇಶನ್ ಅವರಿಗೆ 1938ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಮರವನ್ನು ಉಕ್ಕಿನ ದೊಡ್ಡ ಕೊಳವೆಯೊಳಗೆ ಇಟ್ಟು, ಗಾಳಿಯನ್ನು ಹೊರಗೆಳೆದು, ಆ ಮೇಲೆ ಒತ್ತಡದಲ್ಲಿ ದ್ರಾವಣ ತುಂಬಿಸುತ್ತಾರೆ. ಅದು ಮರದ ಆಳಕ್ಕೆ ಇಳಿಯುತ್ತದೆ. ಕೊಳವೆಯಿಂದ ಹೊರಬಂದ ಪೈನ್ ತುಸು ಹಸಿರಾಗಿ ಕಾಣುತ್ತದೆ. ತಂತಿಕಂಬ, ರೈಲು ಹಳಿಯ ಸ್ಲೀಪರುಗಳಿಗಾಗಿ ಹುಟ್ಟಿದ ಈ ವಿದ್ಯೆ ನಾಲ್ಕು ದಶಕಗಳ ನಂತರ ಅಮೆರಿಕದ ಹಿತ್ತಲುಗಳ ತುಂಬ ಹರಡಿತು. ಈ ಮದ್ದು ಎಲ್ಲಿಂದ ಬಂತೆಂದು ಅಲ್ಲಿನ ಮನೆಯವರಿಗೆ ತಿಳಿದಿರಲು ಕಾರಣವಿರಲಿಲ್ಲ; ಭಾರತದಲ್ಲೂ ಕಾಮೇಶನ್ ಅವರನ್ನು ನೆನೆಯುವವರು ಕಡಿಮೆ.

1970ರ ದಶಕದಿಂದ ಮದ್ದು ಕುಡಿದ ಪೈನ್ ಡೆಕ್‌ನ ಮಾಮೂಲಿ ಮರವಾಯಿತು. 1979ರಲ್ಲಿ ಅಟ್ಲಾಂಟಾದಲ್ಲಿ ಹೋಮ್ ಡಿಪೋ ಮಳಿಗೆಗಳು ತೆರೆದವು. ಹಲಗೆ, ಮೊಳೆ, ಕಾಂಕ್ರೀಟ್ ಚೀಲ ಎಲ್ಲವನ್ನೂ ಒಂದೇ ಕಡೆ ಕೊಂಡು, ರಜೆಯ ದಿನಗಳಲ್ಲಿ ಮನೆಯ ಯಜಮಾನನೇ ಡೆಕ್ ಕಟ್ಟಿಕೊಳ್ಳುವ ರೂಢಿ ಬೆಳೆಯಿತು. ಕೂಲಿ ಉಳಿಯಿತು, ಕಟ್ಟಿದ್ದರ ಗಟ್ಟಿತನ ಮಾತ್ರ ಕಟ್ಟಿದವನ ಕೈಗುಣಕ್ಕೆ ಬಿಟ್ಟದ್ದಾಯಿತು.

ಮಕ್ಕಳು ಬರಿಗಾಲಲ್ಲಿ ಆಡುವ ಹಲಗೆಯಲ್ಲಿ ಆರ್ಸೆನಿಕ್ ಇದೆ ಎಂಬ ಸಂಗತಿ ಬಹಳ ಕಾಲ ಸುಮ್ಮನಿರುವಂಥದ್ದಲ್ಲ. ಕ್ರೋಮಿಯಂ ಹಿಡಿದಿಟ್ಟರೂ ಸ್ವಲ್ಪಾಂಶ ಮೇಲ್ಮೈಗೆ ಬರುತ್ತದೆ, ಕೆಳಗಿನ ಮಣ್ಣಿಗೂ ಇಳಿಯುತ್ತದೆ. ಮನೆಬಳಕೆಯ ಮರಕ್ಕೆ ಈ ಮದ್ದನ್ನು 2003ರ ಡಿಸೆಂಬರ್ 31ಕ್ಕೆ ನಿಲ್ಲಿಸಲು ತಯಾರಕರು ಒಪ್ಪಿದ್ದಾರೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಬದಲಿಗೆ ಬಂದ ಮದ್ದುಗಳಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಹೆಚ್ಚು. ಹೆಚ್ಚಾದ ತಾಮ್ರ ಸಾಮಾನ್ಯ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಹಾಗಾಗಿ ದಪ್ಪ ಸತುವಿನ ಲೇಪದ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಮೊಳೆ, ಕೊಂಡಿಗಳೇ ಬೇಕಾದವು. ಮರದ ಡೆಕ್‌ನ ಖರ್ಚು ಅಷ್ಟರಮಟ್ಟಿಗೆ ಏರಿತು, ಅದರ ಹೆಸರೂ ಕೆಟ್ಟಿತ್ತು. ಕಾಂಪೊಸಿಟ್‌ಗೆ ಇದಕ್ಕಿಂತ ಒಳ್ಳೆಯ ಕಾಲ ಕೂಡಿಬರುವಂತಿರಲಿಲ್ಲ.

ಮರದ ಪುಡಿಯನ್ನು ಪ್ಲಾಸ್ಟಿಕ್‌ಗೆ ಬೆರೆಸುವ ಯೋಚನೆ ಹಳೆಯದು. ಬೇಕಲೈಟ್ ಮತ್ತು ಮರದ ಪುಡಿಯಿಂದ ಮಾಡಿದ ಗೇರ್ ಹಿಡಿಯನ್ನು ರೋಲ್ಸ್ ರಾಯ್ಸ್ ಕಾರಿಗೆ 1916ರಲ್ಲೇ ಹಾಕಿದ್ದರು. ಪಾಲಿಪ್ರೊಪಿಲೀನ್‌ಗೆ ಅರ್ಧದಷ್ಟು ಮರದ ಪುಡಿ ಸೇರಿಸಿ ಕಾರಿನ ಒಳಹೊದಿಕೆ ಮಾಡುವ ಇಟಲಿಯ ವಿದ್ಯೆ 1983ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂತು. ಆದರೆ ಡೆಕ್ ಹಲಗೆಗೆ ಹಾದಿ ಮಾಡಿದ್ದು ಕಸದ ಸಮಸ್ಯೆ. ಅಂಗಡಿಗಳ ಪಾಲಿಥೀನ್ ಚೀಲ, ಸಾಮಾನು ಸುತ್ತುವ ತೆಳುಹಾಳೆ ಇವನ್ನೆಲ್ಲ ಏನು ಮಾಡುವುದೆಂಬ ಚಿಂತೆ 1980ರ ದಶಕದ ಕೊನೆಯಲ್ಲಿ ಜೋರಾಗಿತ್ತು. ಇವನ್ನು ಮರಗೆಲಸದ ಹೊಟ್ಟಿನೊಂದಿಗೆ ಬೆರೆಸಿ ಹಲಗೆ ಮಾಡುವ ರೋಜರ್ ವಿಟೆನ್‌ಬರ್ಗ್ ಅವರ ಸಣ್ಣ ಉದ್ಯಮವನ್ನು ಮೊಬಿಲ್ ತೈಲ ಕಂಪನಿಯ ರಾಸಾಯನಿಕ ವಿಭಾಗ 1992ರಲ್ಲಿ ಕೊಂಡಿತು. ನಾಲ್ಕು ವರ್ಷದ ನಂತರ ಅದೇ ವಿಭಾಗದಲ್ಲಿದ್ದ ಅಧಿಕಾರಿಗಳು ಅದನ್ನು ತಾವೇ ಕೊಂಡು ವರ್ಜೀನಿಯಾದ ವಿಂಚೆಸ್ಟರ್‌ನಲ್ಲಿ ಟ್ರೆಕ್ಸ್ ಕಂಪನಿ ಸ್ಥಾಪಿಸಿದರು. ಅರ್ಕನ್ಸಾಸ್, ಓಹಾಯೊ ರಾಜ್ಯಗಳಲ್ಲೂ ಸ್ಪರ್ಧಿಗಳು ಹುಟ್ಟಿಕೊಂಡರು.

ಮರ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಂದಲು ಶುರು. ಅದಕ್ಕಿಂತ ಕಡಿಮೆ ಶಾಖದಲ್ಲಿ ಕರಗುವ ಪ್ಲಾಸ್ಟಿಕ್ಕೇ ಬೇಕು. ಪಾಲಿಥೀನ್ 130ರ ಆಸುಪಾಸಿನಲ್ಲೇ ಕರಗುತ್ತದೆ. ಪುಡಿಯ ತೇವವನ್ನು ಚೆನ್ನಾಗಿ ಆರಿಸದಿದ್ದರೆ ಆವಿ ಉಬ್ಬಿ ಹಲಗೆಯಲ್ಲಿ ಗುಳ್ಳೆ ಬೀಳುತ್ತದೆ. ಬಿಸಿಯಾದ ಮಿಶ್ರಣವನ್ನು ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತುವಂತೆ ಅಚ್ಚಿನಿಂದ ಉದ್ದಕ್ಕೆ ಒತ್ತಿ, ನೀರಿನಲ್ಲಿ ತಣಿಸಿ, ಬೇಕಾದ ಅಳತೆಗೆ ಕತ್ತರಿಸುತ್ತಾರೆ.

ಬಣ್ಣ ಬಳಿಯಬೇಕಿಲ್ಲ, ಸೀಳುವುದಿಲ್ಲ, ಕೊಳೆಯುವುದಿಲ್ಲ ಎಂದು ಮಾರಿದ ಮೊದಲ ತಲೆಮಾರಿನ ಹಲಗೆಗಳು ಆ ಮಾತನ್ನು ಪೂರ್ತಿ ಉಳಿಸಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಎಲ್ಲ ಪುಡಿಯನ್ನೂ ಮುಚ್ಚಿಕೊಂಡಿರುತ್ತದೆ ಎಂಬುದು ಊಹೆಯಾಗಿತ್ತು. ಮೇಲ್ಮೈಯ ಪುಡಿ ನೀರು ಹೀರಿತು, ಕಪ್ಪು ಬೂಷ್ಟಿನ ಚುಕ್ಕೆಗಳು ಎದ್ದವು. ಬಿಸಿಲಿಗೆ ಬಣ್ಣ ಮಾಸಿತು, ಎಣ್ಣೆ ಬಿದ್ದರೆ ಕಲೆ ನಿಂತಿತು. ಕೆಲವು ತಯಾರಿಕೆಗಳಲ್ಲಿ ಮೇಲ್ಪದರವೇ ಸುಲಿಯಿತು. ಗಿರಾಕಿಗಳು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ಮರವಾಗಿದ್ದರೆ ಉಜ್ಜಿ ಬಣ್ಣ ಹಚ್ಚಿ ಹೊಸದು ಮಾಡಬಹುದಿತ್ತು, ಕಾಂಪೊಸಿಟ್‌ಗೆ ಆ ದಾರಿ ಇಲ್ಲ. 2010ರ ಸುಮಾರಿಗೆ ಹಲಗೆಗೆ ಶುದ್ಧ ಪ್ಲಾಸ್ಟಿಕ್‌ನ ತೆಳು ಕವಚ ಹೊದಿಸಿ ಒಟ್ಟಿಗೇ ಒತ್ತುವ ವಿಧಾನ ವ್ಯಾಪಕವಾಯಿತು. ಕಲೆ, ಬೂಷ್ಟು, ಬಣ್ಣ ಮಾಸುವುದು ಬಹುಮಟ್ಟಿಗೆ ಹತೋಟಿಗೆ ಬಂದದ್ದು ಆಗ. 25 ವರ್ಷ, ಮೇಲ್ದರ್ಜೆಯವಕ್ಕೆ 50 ವರ್ಷದವರೆಗಿನ ವಾರಂಟಿ ಕೊಡುವ ಧೈರ್ಯವೂ ಈ ಕವಚದ್ದೇ.

ಖರ್ಚಿನ ವಿಷಯಕ್ಕೆ ಬಂದರೆ, ಅಮೆರಿಕದ ‘ರೀಮಾಡೆಲಿಂಗ್’ ಪತ್ರಿಕೆ ಪ್ರತಿವರ್ಷ ಮನೆ ಸುಧಾರಣೆಯ ವೆಚ್ಚವನ್ನೂ ಮನೆ ಮಾರುವಾಗ ಮರಳಿ ಬರುವ ಮೊತ್ತವನ್ನೂ ಅಂದಾಜು ಮಾಡುತ್ತ ಬಂದಿತ್ತು. 2024ರ ವರದಿಯಲ್ಲಿ 16 ಅಡಿಗೆ 20 ಅಡಿಯ ಮರದ ಡೆಕ್‌ಗೆ ಸರಾಸರಿ 17,615 ಡಾಲರ್, ಕಾಂಪೊಸಿಟ್ ಡೆಕ್‌ಗೆ 24,206 ಡಾಲರ್. ವ್ಯತ್ಯಾಸ 6,591 ಡಾಲರ್, ಚದರಡಿಗೆ ಇಪ್ಪತ್ತು ಡಾಲರಿಗೂ ಸ್ವಲ್ಪ ಹೆಚ್ಚು. ಮಾರುವಾಗ ಮರದ ಡೆಕ್ ತನ್ನ ವೆಚ್ಚದ ಶೇ. 83ರಷ್ಟನ್ನೂ ಕಾಂಪೊಸಿಟ್ ಶೇ. 68ರಷ್ಟನ್ನೂ ಮರಳಿಸುತ್ತದೆಂಬ ಅಂದಾಜು. ಹಿಂದಿನ ವರ್ಷದ ಅಂದಾಜು ಶೇ. 50 ಮತ್ತು 40. ಒಂದು ವರ್ಷದಲ್ಲಿ ಡೆಕ್‌ಗಳೇನೂ ಬದಲಾಗಿಲ್ಲವಾದ್ದರಿಂದ ಈ ಅಂಕಿಗಳನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು. ಆದರೆ ಎರಡೂ ವರ್ಷ ಕಾಂಪೊಸಿಟ್ ಹಿಂದಿದೆ. ಮನೆ ಬೇಗ ಮಾರುವವರಿಗೆ ಅದು ಲಾಭದ ಬಾಬ್ತಲ್ಲ.

ಉಳಿಯುವವರ ಲೆಕ್ಕ ಬೇರೆ. ಮರದ ಡೆಕ್ ಅನ್ನು ಎರಡು ಮೂರು ವರ್ಷಕ್ಕೊಮ್ಮೆ ತೊಳೆದು, ಒಣಗಿಸಿ, ಬಣ್ಣದೆಣ್ಣೆ ಹಚ್ಚಬೇಕು. ಹೊರಗಿನವರನ್ನು ಕರೆಸಿ ಒಂದು ಸಲಕ್ಕೆ 800 ಡಾಲರ್ ತೆತ್ತರೆಂದು ಇಟ್ಟುಕೊಂಡರೆ, ಮೇಲಿನ ವ್ಯತ್ಯಾಸ ತುಂಬಲು ಎಂಟು ಸಲಕ್ಕಿಂತ ಹೆಚ್ಚು ಬೇಕು, ಅಂದರೆ ಹದಿನಾರರಿಂದ ಇಪ್ಪತ್ತೈದು ವರ್ಷ. ತಾನೇ ಕುಂಚ ಹಿಡಿಯುವವನಿಗೆ ಮರವೇ ಅಗ್ಗ. ಈ ಅಂತರ ಸ್ಥಿರವೂ ಅಲ್ಲ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಉಳಿದ ಜನ ಹಿತ್ತಲು ರಿಪೇರಿಗೆ ಇಳಿದರು. 2021ರ ಮೇ ತಿಂಗಳಲ್ಲಿ ಮರದ ವಾಯಿದೆ ಬೆಲೆ ಸಾವಿರ ಬೋರ್ಡ್ ಅಡಿಗೆ 1,600 ಡಾಲರ್ ದಾಟಿತು. ಆ ಕೆಲವು ತಿಂಗಳು ಎರಡರ ಬೆಲೆಯೂ ಹತ್ತಿರ ಹತ್ತಿರ ಬಂದಿತ್ತು.

ಕಾಂಪೊಸಿಟ್ ಎಂದು ಮಾರುವುದರಲ್ಲಿ ಕಾಂಪೊಸಿಟ್ ಇರುವುದು ಮೇಲಿನ ಹಲಗೆ ಮತ್ತು ಕಟಾಂಜನ ಮಾತ್ರ. ಕೆಳಗಿನ ಕಂಬ, ತೊಲೆ, ಅಡ್ಡಪಟ್ಟಿಗಳು ಸಾಮಾನ್ಯವಾಗಿ ಮದ್ದು ಹಾಕಿದ ಪೈನ್. ಕಾಂಪೊಸಿಟ್ ಹಲಗೆ ಮರಕ್ಕಿಂತ ಹೆಚ್ಚು ಬಾಗುವುದರಿಂದ ಅಡ್ಡಪಟ್ಟಿಗಳನ್ನು 16 ಅಂಗುಲಕ್ಕೊಂದರಂತೆ, ಹಲಗೆಯನ್ನು ಓರೆಯಾಗಿ ಹಾಸುವುದಾದರೆ 12 ಅಂಗುಲಕ್ಕೊಂದರಂತೆ ಕೂರಿಸಬೇಕು. ಬಿಸಿಲಿಗೆ ಉದ್ದಕ್ಕೆ ಹಿಗ್ಗುವುದರಿಂದ ತುದಿಯಲ್ಲಿ ಸಂದು ಬಿಡಬೇಕು. ಕಪ್ಪು ಛಾಯೆಯ ಹಲಗೆ ನಡುಮಧ್ಯಾಹ್ನ ಬರಿಗಾಲಿಗೆ ತಾಳದಷ್ಟು ಕಾಯುತ್ತದೆ. ಮನೆಯ ಗೋಡೆಗೆ ಡೆಕ್ ಸೇರುವ ಪಟ್ಟಿಯನ್ನು ಮೊಳೆಯಿಂದಲ್ಲ, ಬೋಲ್ಟಿನಿಂದ ಬಿಗಿಯಬೇಕು. ಅಲ್ಲಿ ನೀರು ನಿಲ್ಲಬಾರದು. ಷಿಕಾಗೊದಲ್ಲಿ 2003ರ ಜೂನ್‌ನಲ್ಲಿ ಮನೆಯ ಹಿಂಬದಿಯ ಮರದ ಅಟ್ಟಣಿಗೆ ಕುಸಿದು 13 ಜನ ಸತ್ತರು. 2015ರಲ್ಲಿ ಬರ್ಕ್ಲಿಯಲ್ಲಿ ಬಾಲ್ಕನಿಯೊಂದು ಮುರಿದು ಆರು ಮಂದಿ ಸತ್ತಾಗ, ಮೇಲೆ ಚೆನ್ನಾಗಿದ್ದ ನೆಲದಡಿಯ ತೊಲೆಗಳು ಕೊಳೆತಿದ್ದವು. ಐವತ್ತು ವರ್ಷದ ಹಲಗೆಯನ್ನು ಅಷ್ಟು ಬಾಳದ ಅಡಿಪಟ್ಟಿಯ ಮೇಲೆ ಹಾಸುವುದು ಈ ವ್ಯವಹಾರದ ಅತ್ಯಂತ ದುರ್ಬಲ ಕೊಂಡಿ. ಅಡ್ಡಪಟ್ಟಿಗಳ ನೆತ್ತಿಗೆ ನೀರು ತಡೆಯುವ ಟೇಪು ಅಂಟಿಸುವ ಪದ್ಧತಿ ಇದಕ್ಕಾಗಿಯೇ ಬಂತು.

ಇದೇ ಕುಲದ ವಸ್ತು ಭಾರತಕ್ಕೆ ಬಂದದ್ದು ಡೆಕ್ ಆಗಿ ಅಲ್ಲ. ಇಲ್ಲಿ ಡಬ್ಲ್ಯುಪಿಸಿ (ವುಡ್ ಪ್ಲಾಸ್ಟಿಕ್ ಕಾಂಪೊಸಿಟ್) ಎಂದು ಮಾರುವುದು ಹೆಚ್ಚಾಗಿ ಪಿವಿಸಿ ಬೆರೆತ ಹಲಗೆ; ಬಚ್ಚಲ ಬಾಗಿಲು, ಚೌಕಟ್ಟು, ಅಡುಗೆಮನೆಯ ಕಪಾಟುಗಳಿಗೆ, ನೀರು ಮತ್ತು ಗೆದ್ದಲಿನ ಕಾಟ ಇರುವ ಕಡೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಮರದ ನಾರು ಹಾಗೂ ಪ್ಲಾಸ್ಟಿಕ್ ಬೆರೆಸುವ ಸಂಶೋಧನೆ ನಡೆದಿದೆ.

ಕಿತ್ತ ಹಲಗೆಗಳದು ಬೇರೆಯೇ ಪಾಡು. ಆರ್ಸೆನಿಕ್ ಕುಡಿದ ಪೈನ್ ಅನ್ನು ಒಲೆಗೆ ಹಾಕುವಂತಿಲ್ಲ, ಬೂದಿಯಲ್ಲಿ ವಿಷ ಉಳಿಯುತ್ತದೆ. ಅದು ಕಸದ ಹೊಂಡಕ್ಕೇ ಹೋಗಬೇಕು. ಕಾಂಪೊಸಿಟ್‌ನಲ್ಲಿ ಬೆರೆತ ಪುಡಿಯನ್ನೂ ಪಾಲಿಥೀನನ್ನೂ ಮತ್ತೆ ಬೇರ್ಪಡಿಸುವುದು ಲಾಭಕ್ಕೆ ಬರುವ ಕೆಲಸವಲ್ಲ. ಕಾರ್ಖಾನೆಯಲ್ಲಿ ಕತ್ತರಿಸುವಾಗ ಉಳಿದ ಚೂರುಗಳು ಮತ್ತೆ ಅಚ್ಚಿಗೆ ಹೋಗುತ್ತವೆ. ಮನೆಗಳಿಂದ ಬರುವ ಹಳೆಯ ಹಲಗೆಗೆ ಮೊಳೆ, ಮಣ್ಣು, ಬಣ್ಣ ಅಂಟಿರುತ್ತದೆ. 1990ರ ದಶಕದಲ್ಲಿ ಕಸದ ಹೊಂಡ ತಪ್ಪಿಸಿಕೊಂಡ ಚೀಲಗಳಲ್ಲಿ ಬಹಳಷ್ಟು ಈಗ ಹಲಗೆಯ ರೂಪದಲ್ಲಿ ಅದೇ ಹೊಂಡ ಸೇರುತ್ತಿವೆ.